ಸವೆದ ಕೊಡಲಿಗೆ ಹೊಸ ಉಕ್ಕಿನ ಬಾಯಿ

ಹರಾಜಿನಲ್ಲಿ ಅದು ಒಂದು ಹಳೆಯ ಬಕೆಟ್‌ನೊಳಗಿತ್ತು. ಜೊತೆಗೆ ತುಕ್ಕು ಹಿಡಿದ ಸರಪಳಿ, ಮುರಿದ ಇಕ್ಕಳ, ಒಂದಿಷ್ಟು ಲಾಳ. ಇಡೀ ಬಕೆಟ್‌ಗೆ 15 ಡಾಲರ್. ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ ಹಳೆಯ ತೋಟದ ಮನೆಗಳು ಖಾಲಿಯಾಗುವಾಗ ಇಂಥ ಬಕೆಟ್‌ಗಳು ಕೊನೆಯಲ್ಲಿ ಬರುತ್ತವೆ. ಅಷ್ಟರಲ್ಲಿ ಹೆಚ್ಚಿನವರು ಹೊರಟಿರುತ್ತಾರೆ. ನಾನು ಬೆಳಗಿನಿಂದ ನಿಂತಿದ್ದೇ ಅದರೊಳಗಿನ ಕೊಡಲಿಗಾಗಿ.

ಕಾವು, ಅಂದರೆ ಮರದ ಹಿಡಿ, ಇರಲಿಲ್ಲ, ತಲೆ ಮಾತ್ರ. ಯಾವ ಕಮ್ಮಾರನ ಮುದ್ರೆಯೂ ಇರಲಿಲ್ಲ. ಹಿಂಭಾಗ ಸುತ್ತಿಗೆಯ ಮುಖದಂತೆ ಚೌಕವಾಗಿ, ದಪ್ಪವಾಗಿತ್ತು. ಅಮೆರಿಕದ ಕೊಡಲಿಯ ಗುರುತೇ ಅದು. ಯುರೋಪಿನಿಂದ ಬಂದು ನೆಲೆಸಿದವರು ತಂದ ಕೊಡಲಿಯಲ್ಲಿ ಕಾವಿನ ತೂತಿನ ಹಿಂದೆ ಕಬ್ಬಿಣದ ತೆಳು ಪಟ್ಟಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಭಾರವೆಲ್ಲ ಮುಂದಿದ್ದುದರಿಂದ ಬೀಸಿದಾಗ ಅದು ಕೈಯಲ್ಲಿ ಹೊರಳುತ್ತಿತ್ತು. ಹೊಲ ಮಾಡಲು ಎಕರೆಗಟ್ಟಲೆ ದೊಡ್ಡ ಮರ ಕಡಿಯಬೇಕಾದ ನಾಡಿನಲ್ಲಿ ಅದು ಸಾಲಲಿಲ್ಲ. ಇಲ್ಲಿನ ಕಮ್ಮಾರರು ಸ್ವಲ್ಪ ಸ್ವಲ್ಪವಾಗಿ ಹಿಂಭಾಗಕ್ಕೆ ಕಬ್ಬಿಣ ಕೂಡಿಸುತ್ತ, ಬಾಯಿಯನ್ನು ಗಿಡ್ಡ ಮಾಡುತ್ತ ಬಂದರು. 18ನೇ ಶತಮಾನದ ನಡುಭಾಗದ ಹೊತ್ತಿಗೆ ತೂಕ ಕಾವಿನ ಎರಡೂ ಕಡೆ ಸಮನಾಗಿ ಕೂರುವ ಕೊಡಲಿ ಸಿದ್ಧವಾಗಿತ್ತು. ಯಾರೋ ಒಬ್ಬರು ಕಂಡುಹಿಡಿದದ್ದಲ್ಲ ಅದು. ಊರೂರಿನ ಕುಲುಮೆಗಳಲ್ಲಿ, ಮರ ಕಡಿಯುವವರ ಭುಜದ ನೋವು ಕೇಳಿ ಕೇಳಿ ಆದದ್ದು.

ನನ್ನ ಕೊಡಲಿಯ ಕಾಯಿಲೆ ನೋಡಿದ ಕೂಡಲೇ ತಿಳಿಯುವಂತಿತ್ತು. ಕಾವಿನ ತೂತಿನಿಂದ ಅಲಗಿನ ಅಂಚಿಗೆ ನಾಲ್ಕೂವರೆ ಅಂಗುಲವಾದರೂ ಇರಬೇಕಿತ್ತು, ಇದ್ದದ್ದು ಮೂರೇ. ಮೇಲಿನ ಮೂಲೆ ಕೆಳಗಿನ ಮೂಲೆಗಿಂತ ಹೆಚ್ಚು ಸವೆದು ಅಂಚು ಓರೆಯಾಗಿತ್ತು. ಅರ ಹಿಡಿದು ಪರೀಕ್ಷಿಸಿದೆ. ಕೆಳಗಿನ ಮೂಲೆಯಲ್ಲಿ ಅರ ಗಾಜಿನ ಮೇಲೆ ಜಾರಿದಂತೆ ಜಾರಿತು, ಅಲ್ಲಿ ಅಂಚಿಗೆ ಕೂರಿಸಿದ ಗಟ್ಟಿ ಉಕ್ಕು ಉಳಿದಿತ್ತು. ಎರಡು ಅಂಗುಲ ಮೇಲಕ್ಕೆ ಬಂದರೆ ಅದೇ ಅರ ಕಚ್ಚಿ ಕಬ್ಬಿಣವನ್ನು ಹೆರೆಯಿತು. ಅಂದರೆ ಯಾರೋ ಈ ಕೊಡಲಿಯನ್ನು ಉಕ್ಕು ಮುಗಿಯುವ ತನಕ ಮಸೆದು ಮಸೆದು ದುಡಿಸಿಕೊಂಡಿದ್ದರು. ಮುರಿದದ್ದಲ್ಲ, ಕೆಟ್ಟದ್ದಲ್ಲ. ಬಾಯಿ ಸವೆದಿತ್ತು, ಅಷ್ಟೇ.

ವಿನೆಗರ್‌ನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ ತೊಳೆದಾಗ ಒಳಗಿನ ಕಟ್ಟಡವೆಲ್ಲ ಕಂಡಿತು. ಮೈ ತುಂಬ ಹಳೆಯ ತೇಗದ ಹಲಗೆಯ ಹಾಗೆ ಉದ್ದುದ್ದ ನಾರು. ಇದು ಈಗಿನ ಕಬ್ಬಿಣವಲ್ಲ, ಮೆದು ಕಬ್ಬಿಣ. ಕಿಟ್ಟದ ಎಳೆಗಳು ಒಳಗೇ ಉಳಿದು, ಬಡಿದಾಗ ಉದ್ದಕ್ಕೆ ಹಿಗ್ಗಿ ನಾರಾಗಿ ನಿಂತಿರುತ್ತವೆ. ಗ್ರೈಂಡರ್‌ಗೆ ಒಂದು ಕ್ಷಣ ತಾಗಿಸಿದರೆ ಕಂದು ಕಿತ್ತಳೆ ಬಣ್ಣದ ಉದ್ದ ಕಿಡಿಗಳು ನೇರವಾಗಿ ಹಾರಿ ಆರುತ್ತವೆ. ಉಕ್ಕಿನ ಕಿಡಿ ಹಾಗಲ್ಲ, ತುದಿಯಲ್ಲಿ ಸುರುಸುರುಬತ್ತಿಯಂತೆ ಸಿಡಿಯುತ್ತದೆ. ಮೇಲಿನಿಂದ ನೋಡಿದರೆ ಕಾವಿನ ತೂತಿನ ಮುಂಭಾಗದಿಂದ ಅಂಚಿನವರೆಗೆ ನಡುಮಧ್ಯೆ ಒಂದು ಕೂದಲೆಳೆಯ ಗೆರೆ. ಕಮ್ಮಾರ ಒಂದು ಪಟ್ಟಿ ಕಬ್ಬಿಣವನ್ನು ನಡುವೆ ಮಡಚಿ, ಮಡಿಕೆಯನ್ನೇ ಕಾವಿನ ತೂತು ಮಾಡಿ, ಮುಂದಿನ ಎರಡು ತುಟಿಗಳನ್ನು ಸೇರಿಸಿ ಬೆಸೆದಿದ್ದ. ಆ ತುಟಿಗಳ ನಡುವೆ, ತುದಿಯಲ್ಲಿ ಮಾತ್ರ, ಒಂದು ಚೂರು ಉಕ್ಕು ಇಟ್ಟಿದ್ದ. ಕೆಳಮೂಲೆಯಲ್ಲಿ ಉಗುರಿನಗಲ ಉಳಿದ ಆ ಉಕ್ಕು ವಿನೆಗರ್ ತಾಗಿ ಕಪ್ಪಾಗಿತ್ತು.

ಇಷ್ಟು ಜಿಪುಣತನ ಯಾಕೆಂದರೆ ಉಕ್ಕು ಅಷ್ಟು ದುಬಾರಿ. ಕಬ್ಬಿಣಕ್ಕೆ ಇಲ್ಲಿ ಬರವಿರಲಿಲ್ಲ. ಮ್ಯಾಸಚೂಸೆಟ್ಸ್‌ನ ಸಾಗಸ್‌ನಲ್ಲಿ 1646ರ ಹೊತ್ತಿಗೇ ಜೌಗುನೆಲದ ಅದಿರು ಕರಗಿಸುತ್ತಿದ್ದರು. ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರದ ಹೋಪ್‌ವೆಲ್ ಕುಲುಮೆಯನ್ನು ಮಾರ್ಕ್ ಬರ್ಡ್ ಎಂಬಾತ 1771ರಲ್ಲಿ ಹಚ್ಚಿದ, ಅದು 1883ರ ತನಕ ಉರಿಯಿತು. ಆದರೆ ಒಳ್ಳೆಯ ಉಕ್ಕು ಬೇಕೆಂದರೆ ಮೆದು ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ಪುಡಿಯಲ್ಲಿ ಮುಚ್ಚಿ ದಿನಗಟ್ಟಲೆ ಬೇಯಿಸಿ ಇಂಗಾಲ ಕುಡಿಸಬೇಕು. ಆ ಕೆಲಸ ಹೆಚ್ಚಾಗಿ ನಡೆಯುತ್ತಿದ್ದುದು ಇಂಗ್ಲೆಂಡಿನಲ್ಲಿ. ಅದು ಅಲ್ಲೇ ಉಳಿಯಲಿ ಎಂದು ಬ್ರಿಟಿಷ್ ಪಾರ್ಲಿಮೆಂಟು 1750ರಲ್ಲಿ ಕಾಯಿದೆಯನ್ನೇ ಮಾಡಿತು: ವಸಾಹತುಗಳವರು ಕಚ್ಚಾ ಕಬ್ಬಿಣ ಕಳಿಸಬಹುದು, ಆದರೆ ಹೊಸದಾಗಿ ಉಕ್ಕಿನ ಕುಲುಮೆ ಕಟ್ಟುವಂತಿಲ್ಲ. ಹಡಗಿನಲ್ಲಿ ಬಂದ ಉಕ್ಕನ್ನು ಹಳ್ಳಿಯ ಕಮ್ಮಾರ ಮದ್ದಿನ ಹಾಗೆ ಅಳೆದು ಬಳಸಿದ. ಕೊಡಲಿಯ ತೂಕದಲ್ಲಿ ಬಹುಪಾಲು ಕಬ್ಬಿಣ, ಕಡಿಯುವ ಅಂಚಿಗಷ್ಟೇ ಉಕ್ಕು.

ಮುದ್ರೆ ಇದ್ದಿದ್ದರೆ, ಇಲ್ಲವೇ ಉಕ್ಕು ಇನ್ನೂ ಅರ್ಧ ಅಂಗುಲ ಉಳಿದಿದ್ದರೆ ನಾನು ಇದಕ್ಕೆ ಬೆಂಕಿ ಮುಟ್ಟಿಸುತ್ತಿರಲಿಲ್ಲ. ಹಳೆಯ ಸಾಮಾನಿಗೆ ಬೆಂಕಿ ಹಾಕಿದರೆ ಅದರ ಮೈಯಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಆದರೆ ಉಕ್ಕು ಮುಗಿದ ಕೊಡಲಿಯನ್ನು ಆ ಕಾಲದವರು ಗೋಡೆಗೆ ತೂಗುಹಾಕುತ್ತಿರಲಿಲ್ಲ, ಕಮ್ಮಾರಸಾಲೆಗೆ ಒಯ್ಯುತ್ತಿದ್ದರು. ಆ ಕಾಲದ ಕಮ್ಮಾರರ ಲೆಕ್ಕದ ಪುಸ್ತಕಗಳಲ್ಲಿ ಹೊಸ ಸಾಮಾನು ಮಾಡಿಕೊಟ್ಟ ಲೆಕ್ಕಕ್ಕಿಂತ ರಿಪೇರಿಯದೇ ಹೆಚ್ಚು: ಲಾಳ ಕಟ್ಟಿದ್ದು, ನೇಗಿಲಿನ ಗುಳಕ್ಕೆ ಕಬ್ಬಿಣ ಕೂಡಿಸಿದ್ದು, ಸರಪಳಿಯ ಕೊಂಡಿ ಬೆಸೆದದ್ದು, ಕೊಡಲಿಗೆ ಹೊಸ ಉಕ್ಕು ಇಟ್ಟದ್ದು. ಎದುರಿನ ಪುಟದಲ್ಲಿ ಸಂದಾಯ: ಇಷ್ಟು ರೈ ಧಾನ್ಯ, ಇಷ್ಟು ಸೌದೆ, ಇಷ್ಟು ದಿನದ ಆಳುಕೆಲಸ. ನಮ್ಮಜ್ಜ ಮುಂಗಾರಿಗೆ ಮೊದಲು ಗುಳ ಬಡಿಸಿಕೊಂಡು ಬಂದು, ಸುಗ್ಗಿಯಲ್ಲಿ ಕಮ್ಮಾರರಿಗೆ ರಾಗಿ ಅಳೆದು ಕೊಡುತ್ತಿದ್ದ ಆಯದ ಲೆಕ್ಕ ನೆನಪಾಯಿತು. ಅಜ್ಜನದು ಬಾಯಿಲೆಕ್ಕ, ಇವರದು ಪುಸ್ತಕದಲ್ಲಿ.

ಹಾಗಾಗಿ ಈ ಕೊಡಲಿಗೂ ಹಿಂದಿನವರು ಮಾಡಿಸುತ್ತಿದ್ದುದನ್ನೇ ಮಾಡುವುದೆಂದು ಗಟ್ಟಿ ಮಾಡಿದೆ.

ಕುಲುಮೆ ನನ್ನದಲ್ಲ. ಎರಡು ಮನೆ ಆಚೆ, ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಜೀವಮಾನವಿಡೀ ಯಂತ್ರದ ಅಚ್ಚು ಮಾಡುವ ಕೆಲಸ ಮಾಡಿದವರು, ನಿವೃತ್ತರಾದ ಮೇಲೆ ಹಿತ್ತಿಲ ಕೊಟ್ಟಿಗೆಯಲ್ಲಿ ಕುಲುಮೆ ಹಾಕಿಕೊಂಡಿದ್ದಾರೆ. ತಿದಿಯ ಬದಲು ಕೈಯಿಂದ ತಿರುಗಿಸುವ ಗಾಳಿಚಕ್ರ, ಓಕ್ ಮರದ ಬುಡದ ಮೇಲೆ ಕೂರಿಸಿದ, ಕಾದ ಲೋಹ ಇಟ್ಟು ಬಡಿಯುವ ನೂರೈವತ್ತು ಪೌಂಡಿನ ಅಡಿಗಲ್ಲು. ನನಗೆ ಮೂರು ವರ್ಷದಿಂದ ಮೊಳೆ, ಕೊಕ್ಕೆ, ಕದದ ತಿರುಗಣೆ ಬಡಿಯಲು ಕಲಿಸಿದವರು ಅವರೇ. ಕೊಡಲಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಮ್ಮಟಿಗೆ ಹೊಡೆಯುವವರು ಯಾರು?" ಹದಿನಾರು ವರ್ಷದ ನನ್ನ ಮಗಳು ಕೈ ಎತ್ತಿದಳು.

ಮೊದಲ ಶನಿವಾರ ಸೀಳುವ ಕೆಲಸ. ಅಂಚನ್ನು ಹಳದಿ ಬರುವ ತನಕ ಕಾಯಿಸಿ, ಕೊಡಲಿಯನ್ನು ಬಾಯಿ ಮೇಲಾಗಿ ದೊಡ್ಡ ವೈಸ್‌ನಲ್ಲಿ ನಿಲ್ಲಿಸಿ, ಉದ್ದ ಹಿಡಿಯ ತೆಳು ಚಾಣವನ್ನು ನಡುಗೆರೆಗೆ ಇಟ್ಟೆ. ಮಗಳು ಹೊಡೆದಳು. ಒಂದು ಅಂಗುಲ ಆಳದ ಸೀಳು ಸಾಕಿತ್ತು. ಎರಡನೆಯ ಕಾಯಿಸುವಿಕೆಯಲ್ಲಿ ನಾನು ಆತುರಪಟ್ಟೆ. ಹಳದಿ ಇಳಿದು ಕೆಂಪು ಕಿತ್ತಳೆಯಾದ ಮೇಲೂ ಇನ್ನೊಂದು ಪೆಟ್ಟು ಹಾಕಿಸಿದೆ. 'ಟಿಕ್' ಎಂಬ ಸಣ್ಣ ಸದ್ದು. ಚಾಣ ತಲುಪದ ಕಡೆಗೂ ಹಳೆಯ ಬೆಸುಗೆ ಪುಸ್ತಕದ ಹಾಗೆ ತೆರೆದುಕೊಂಡು, ಕಾವಿನ ತೂತಿಗೆ ಅರ್ಧ ಅಂಗುಲ ಉಳಿಯುವಲ್ಲಿ ನಿಂತಿತು.

ಇದು ಮೆದು ಕಬ್ಬಿಣದ ಸ್ವಭಾವ. ಈಗಿನ ಕಬ್ಬಿಣವನ್ನು ಕೆಂಪಿನಲ್ಲೂ ಬಡಿಯಬಹುದು. ಇದನ್ನು ಬಿಳಿ ಹಳದಿಯಲ್ಲಿ ಬಡಿದರೆ ಬೆಣ್ಣೆಯ ಹಾಗೆ ಮಾತು ಕೇಳುತ್ತದೆ, ತಣಿದ ಮೇಲೆ ಬಡಿದರೆ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ. ಆ ದಿನ ಕೆಲಸ ನಿಲ್ಲಿಸಿದೆವು. ಆದರೆ ಆ ಬಿರುಕಿನೊಳಗೆ ಇಣುಕಿದಾಗ ಕಂಡದ್ದನ್ನು ಹೇಳಲೇಬೇಕು. ಬೆಸುಗೆ ಚೆನ್ನಾಗಿ ಹಿಡಿದಿದ್ದ ಕಡೆ ಬೆಳ್ಳಗೆ ಹರಿದ ನಾರು, ನಡುವೆ ಹುಣಸೆಬೀಜದಷ್ಟು ಅಗಲದ ಒಂದು ಕಪ್ಪು ಮಚ್ಚೆ, ಗಾಜಿನಂತೆ ನುಣುಪು. ಕೊಡಲಿ ಮಾಡಿದವನ ಬೆಸುಗೆ ಅಲ್ಲಿ ಹಿಡಿದಿರಲಿಲ್ಲ, ಕಿಟ್ಟ ಸಿಕ್ಕಿಕೊಂಡಿತ್ತು. ಹೊರಗಿನಿಂದ ಯಾರಿಗೂ ಕಾಣದೆ, ಕೊಡಲಿಯ ಆಯಸ್ಸಿಡೀ ಅದು ಹಾಗೇ ಇದ್ದು, ಕೊಡಲಿ ಮಾತ್ರ ಮರ ಕಡಿಯುತ್ತಲೇ ಹೋಗಿತ್ತು.

ಮುಂದಿನ ವಾರ ಉಕ್ಕಿನ ತುಂಡು ಸಿದ್ಧಮಾಡಿದೆ. ಹಿಂದೆ ಕಮ್ಮಾರರು ಸವೆದ ಅರಗಳನ್ನು ಎತ್ತಿಟ್ಟುಕೊಂಡು ಇದಕ್ಕೆ ಬಳಸುತ್ತಿದ್ದರು. ನನ್ನ ಬಳಿ ಇದ್ದ ಹಳೆಯ ಅರಗಳ ಉಕ್ಕು ಎಂಥದೆಂಬ ಭರವಸೆ ಇಲ್ಲದ್ದರಿಂದ 1084 ಎಂಬ ನಮೂನೆಯ ಪಟ್ಟಿ ತಂದೆ. ಅದರಲ್ಲಿ ನೂರಕ್ಕೆ 0.84ರಷ್ಟು ಇಂಗಾಲವಿರುತ್ತದೆ, ಬೇರೆ ಬೆರಕೆ ಕಡಿಮೆ, ಬೆಸುಗೆಗೆ ಒಲಿಯುತ್ತದೆ. ಆರು ಮಿಲಿಮೀಟರ್ ದಪ್ಪ, ನಾಲ್ಕೂವರೆ ಅಂಗುಲ ಉದ್ದ, ಎರಡಂಗುಲಕ್ಕೆ ಸ್ವಲ್ಪ ಕಡಿಮೆ ಅಗಲ. ಒಳಗೆ ಹೋಗುವ ಅಂಚನ್ನು ಬೆಣೆಯ ಹಾಗೆ ಚೂಪಾಗಿ ಬಡಿದೆ.

ಎರಡನೆಯ ಶನಿವಾರ ಮೊದಲು ಬಿರುಕು ಮುಚ್ಚಿದೆವು. ಬಿಳಿಗಾರದ ಪುಡಿ ಸುರಿದು, ಕಬ್ಬಿಣ ಬೆಳ್ಳಗಾಗಿ ಮೇಲ್ಮೈ ಬೆವರಿದಂತೆ ಹೊಳೆಯುವ ತನಕ ಕಾಯಿಸಿ, ಕಾವಿನ ತೂತು ಮುಚ್ಚಿಹೋಗದಂತೆ ಅದೇ ಆಕಾರದ ಅಚ್ಚು ತೂರಿಸಿ, ಕೈಸುತ್ತಿಗೆಯಲ್ಲಿ ಹಗುರಾಗಿ ಬಡಿದೆ. ಒಂದೇ ಸಲ ಕಾಯಿಸಿದ್ದಕ್ಕೆ ಬೆಸುಗೆ ಹಿಡಿಯಿತು. ಅಕ್ಕಸಾಲಿಗರ ಅಂಗಡಿಯ ಅದೇ ಬಿಳಿಗಾರ ಇಲ್ಲೂ ಅದೇ ಕೆಲಸ ಮಾಡುತ್ತದೆ: ಕರಗಿ ಗಾಜಾಗಿ ಮೇಲೆ ಹರಡಿ, ಗಾಳಿ ತಾಗದಂತೆ ಕಾಯುತ್ತದೆ, ಪೊರೆಗಟ್ಟಿದ್ದನ್ನು ತನ್ನಲ್ಲಿ ಕರಗಿಸಿಕೊಂಡು ಪೆಟ್ಟಿಗೆ ಹೊರಗೆ ಚಿಮ್ಮುತ್ತದೆ. ಆ ಚಿಮ್ಮುವ ಹನಿ ಚರ್ಮಕ್ಕೆ ಅಂಟಿದರೆ ಮಾಂಸದ ತನಕ ಸುಡುತ್ತದೆ. ಮಗಳಿಗೆ ಕನ್ನಡಕ, ಚರ್ಮದ ಏಪ್ರನ್, ಹತ್ತಿ ಬಟ್ಟೆ ಇಲ್ಲದೆ ಕೊಟ್ಟಿಗೆಯೊಳಗೆ ಕಾಲಿಡಲು ನಾನು ಬಿಡಲಿಲ್ಲ.

ಆಮೇಲೆ ಉಕ್ಕು ಕೂರಿಸುವ ಸರದಿ. ಸೀಳಿನಲ್ಲಿ ತುಂಡನ್ನು ಇಟ್ಟು, ತುಟಿಗಳನ್ನು ಮುಚ್ಚಿ, ಬಿಳಿಗಾರ ಹಾಕಿ ಬೆಂಕಿಗಿಟ್ಟೆ. ಬಣ್ಣ ಬಂತು, ಹೊರಗೆ ತೆಗೆದೆ, ಮಗಳು ಹೊಡೆದಳು. ಮೊದಲ ಪೆಟ್ಟಿಗೇ ಉಕ್ಕು ಸಾಬೂನಿನ ಹಾಗೆ ಜಾರಿ ಕಾಲು ಅಂಗುಲ ಹೊರಬಂತು. ಒಂದು ಮೂಲೆ ಹಿಡಿದಿತ್ತು, ಇನ್ನೊಂದು ಮೂಲೆ ಬಾಯ್ತೆರೆದಿತ್ತು. ಮತ್ತೆ ಕಾಯಿಸಿದೆ. ಈ ಸಲ ಹೊರಗೆ ಚಾಚಿದ್ದ ಉಕ್ಕಿನ ತುದಿಯಿಂದ ಬಿಳಿ ಕಿಡಿಗಳು ಹಾರಿದವು. ಉಕ್ಕು ಬೆಂದುಹೋಗಿತ್ತು. ಅಡಿಗಲ್ಲಿಗೆ ತಾಗಿಸಿದರೆ ಬೆಲ್ಲದ ಹಾಗೆ ಪುಡಿಪುಡಿ. ನಾಲ್ಕು ದಿನ ಅರ ಹಿಡಿದು ಮಾಡಿದ ತುಂಡನ್ನು ಕತ್ತರಿಸಿ ತೆಗೆಯಬೇಕಾಯಿತು.

ಮನೆಗೆ ಬಂದರೂ ಅದೇ ಯೋಚನೆ. ಮೆದು ಕಬ್ಬಿಣಕ್ಕೆ ಬೆಸುಗೆಯ ಕಾವು ಹೆಚ್ಚು ಬೇಕು, 1,300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಷ್ಟು ಇಂಗಾಲವಿರುವ ಉಕ್ಕು ಆ ಕಾವನ್ನು ತಡೆಯದು, ಅದಕ್ಕಿಂತ ಸುಮಾರು ನೂರು ಡಿಗ್ರಿ ಕೆಳಗೇ ಬೆಸೆದುಬಿಡಬೇಕು. ಎರಡನ್ನೂ ಒಂದೇ ಬೆಂಕಿಯಲ್ಲಿ ಒಟ್ಟಿಗೆ ಹದಕ್ಕೆ ತರುವುದು ಹೇಗೆ? ಉತ್ತರ ಕೊಡಲಿಯ ಕಟ್ಟಡದಲ್ಲೇ ಇತ್ತು, ನಾನು ನೋಡಿರಲಿಲ್ಲ. ಉಕ್ಕನ್ನು ತುಟಿಗಳ ನಡುವೆ ಇಡುವುದು ಉಳಿತಾಯಕ್ಕಷ್ಟೇ ಅಲ್ಲ. ಹೊರಗಿನ ಕಬ್ಬಿಣ ಬೆಂಕಿಯನ್ನು ಮೊದಲು ತಾನು ತೆಗೆದುಕೊಳ್ಳುತ್ತದೆ. ಒಳಗಿನ ಉಕ್ಕು ಅದರ ಮರೆಯಲ್ಲಿ ನಿಧಾನವಾಗಿ ಕಾಯುತ್ತದೆ, ಗಾಳಿಯೂ ತಾಗುವುದಿಲ್ಲ. ನಾನು ಉಕ್ಕನ್ನು ಹೆಚ್ಚು ಹೊರಗೆ ಚಾಚಿಸಿ, ಆ ಚಾಚಿದ ತುದಿಯನ್ನೇ ಬೆಂಕಿಯ ನಡುವಿಗೆ ಒಡ್ಡಿದ್ದೆ.

ಮೂರನೆಯ ಶನಿವಾರ ಎಲ್ಲ ಬದಲಾಯಿಸಿದೆ. ಹೊಸ ತುಂಡು, ಹೊರಗೆ ಮುಕ್ಕಾಲು ಅಂಗುಲ ಮಾತ್ರ ಕಾಣುವಂತೆ. ಹಿರಿಯರು ಒಂದು ಉಪಾಯ ತೋರಿಸಿದರು: ಕೆಂಪಗೆ ಕಾದ ಉಕ್ಕಿನ ಎರಡೂ ಮುಖಗಳಿಗೆ ಚಾಣದಿಂದ ಓರೆಯಾಗಿ ಕಚ್ಚು ಹಾಕಿ, ಮೀನಿನ ಮುಳ್ಳಿನಂತೆ ಚೂಪು ಎಬ್ಬಿಸುವುದು. ಅದನ್ನು ಸೀಳಿಗೆ ತೂರಿಸಿ, ಕಬ್ಬಿಣ ಕಾದಿರುವಾಗ ತುಟಿಗಳನ್ನು ಬಡಿದು ಮುಚ್ಚಿದರೆ ಮುಳ್ಳು ಕಬ್ಬಿಣಕ್ಕೆ ಕಚ್ಚಿಕೊಂಡು ಉಕ್ಕು ಕದಲುವುದಿಲ್ಲ. ಇದು ಅವರ ಉಪಾಯವಲ್ಲ, ಹಳೆಯ ಕಮ್ಮಾರರದೇ. ಉಕ್ಕು ಬಾಯಿಗೆ ಕೂರಿಸುವಾಗಲೆಲ್ಲ ಹೀಗೆ ಮಾಡುತ್ತಿದ್ದರಂತೆ. ಕಲ್ಲಿದ್ದಲನ್ನೂ ಬಿಟ್ಟು ಇದ್ದಿಲು ಹಾಕಿದೆವು. ಇದ್ದಿಲಿನಲ್ಲಿ ಗಂಧಕವಿಲ್ಲ, ಬೆಂಕಿ ಶುಚಿ. ಆದರೆ ತಿನ್ನುವುದು ನೋಡಬೇಕು! ಮಧ್ಯಾಹ್ನದೊಳಗೆ ಇಪ್ಪತ್ತು ಪೌಂಡಿನ ಎರಡು ಚೀಲ ಖಾಲಿ.

ಹೋಪ್‌ವೆಲ್‌ನಲ್ಲಿ ಇದ್ದಿಲ ಗೋದಾಮಿನ ಮುಂದೆ ನಿಂತಾಗ ಕೇಳಿದ ಲೆಕ್ಕ ಆಗ ಸರಿಯಾಗಿ ಅರ್ಥವಾಯಿತು. ದೊಡ್ಡ ಕುಲುಮೆ ಉರಿಯುತ್ತಿದ್ದಾಗ ದಿನಕ್ಕೆ ಸುಮಾರು ಒಂದು ಎಕರೆ ಕಾಡು ಇದ್ದಿಲಾಗಿ ಅದರ ಹೊಟ್ಟೆ ಸೇರುತ್ತಿತ್ತು. ಆ ಕಾಡು ಕಡಿದದ್ದು ಇಂಥ ಕೊಡಲಿಗಳಿಂದ, ಕೊಡಲಿಯ ಕಬ್ಬಿಣ ಬಂದದ್ದು ಅಂಥ ಕುಲುಮೆಗಳಿಂದ. 'ಕೊಡಲಿ ಕಾವು ಕುಲಕ್ಕೆ ಸಾವು' ಎಂಬ ನಮ್ಮ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನಾನು ಕಂಡಿಲ್ಲ. ಇನ್ನೊಂದನ್ನೂ ಬಿಡಲಾರೆ. ಆ ಕಾಲದ ಕಬ್ಬಿಣದ ಕೆಲಸವೆಂದರೆ ಸ್ವತಂತ್ರ ಹಳ್ಳಿ ಕಮ್ಮಾರನ ಚಿತ್ರವೊಂದೇ ಕಣ್ಣಿಗೆ ಬರುತ್ತದೆ, ಅದು ಪೂರ್ತಿ ಸತ್ಯವಲ್ಲ. ಮಾರ್ಕ್ ಬರ್ಡ್ ಗುಲಾಮರನ್ನು ಇಟ್ಟುಕೊಂಡಿದ್ದವನು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ವರ್ಜೀನಿಯಾದ ತನ್ನ ಮಾಂಟಿಸೆಲ್ಲೋ ತೋಟದಲ್ಲಿ 1794ರಲ್ಲಿ ತೆರೆದ ಮೊಳೆಯ ಕುಲುಮೆಯಲ್ಲಿ ದುಡಿದವರು ಹತ್ತರಿಂದ ಹದಿನಾರು ವಯಸ್ಸಿನ ಗುಲಾಮ ಹುಡುಗರು. ಸಮ್ಮಟಿಗೆ ಹಿಡಿದ ನನ್ನ ಮಗಳ ವಯಸ್ಸೂ ಹದಿನಾರೇ. ಅವಳು ಬೇಕೆಂದಾಗ ಸಮ್ಮಟಿಗೆ ಕೆಳಗಿಟ್ಟು ನೀರು ಕುಡಿಯಲು ಹೋಗಬಹುದು.

ಆ ದಿನದ ಬೆಸುಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಕೊಡಲಿಯನ್ನು ಬಾಯಿ ಮೇಲಾಗಿ ಇದ್ದಿಲಿನಲ್ಲಿ ಹೂತು, ಕೆನ್ನೆಗಳಿಗೆ, ಅಂದರೆ ಅಲಗಿನ ಎರಡು ಪಕ್ಕಗಳಿಗೆ, ಹೆಚ್ಚು ಬೆಂಕಿ ತಾಗುವಂತೆ ಇಟ್ಟೆ. ಗಾಳಿ ನಿಧಾನ. ಕೆಂಪು, ಕಿತ್ತಳೆ, ಹಳದಿ. ಬಿಳಿಗಾರ ಕರಗಿ ಗುಳ್ಳೆಯೆದ್ದು ಆಮೇಲೆ ನೀರಿನ ಹಾಗೆ ತೆಳುವಾಗಿ ಹರಿಯಿತು. ಕೆನ್ನೆಯ ಕಬ್ಬಿಣ ಬಿಳುಪಿಗೆ ತಿರುಗಿ ಒದ್ದೆಯಾದಂತೆ ಹೊಳೆಯಿತು, ಉಕ್ಕು ಇನ್ನೂ ತಿಳಿಹಳದಿಯಲ್ಲೇ ಇತ್ತು. ಕಬ್ಬಿಣದಿಂದ ಮೊದಲ ಕಿಡಿ ಹಾರುವ ಮುನ್ನ ಮಗಳು ಕೂಗಿದಳು, "ಅಪ್ಪಾ, ತೆಗಿ!" ಅಡಿಗಲ್ಲು ಎರಡೇ ಹೆಜ್ಜೆ. ಮೊದಲ ಪೆಟ್ಟು ನಡುವಿಗೆ, ಆಮೇಲೆ ಮೇಲ್ಮೂಲೆಗೆ, ಆಮೇಲೆ ಕೆಳಮೂಲೆಗೆ. ಒಳಗಿನ ಬಿಳಿಗಾರ ಹೊರಗೆ ಚಿಮ್ಮಬೇಕಾದರೆ ನಡುವಿನಿಂದಲೇ ಶುರುಮಾಡಬೇಕು. ಸದ್ದು ಬದಲಾದದ್ದು ಮೂರು ಜನಕ್ಕೂ ಕೇಳಿಸಿತು. ಎರಡು ಲೋಹಗಳ ಒಡಕು ಸದ್ದು ಹೋಗಿ, ಒಂದೇ ಗಟ್ಟಿಯ ಮೊದ್ದು ಸದ್ದು. ಇನ್ನೂ ಎರಡು ಸಲ ಕಾಯಿಸಿ ಮೂಲೆಗಳನ್ನು ಬೆಸೆದು, ಅಲಗನ್ನು ತೆಳುವಾಗಿ ಎಳೆದೆವು. ಕಾವಿನ ತೂತಿನಿಂದ ಅಂಚಿಗೆ ಈಗ ನಾಲ್ಕೂಕಾಲು ಅಂಗುಲ.

ಅಷ್ಟು ಕಾವು ಕಂಡ ಉಕ್ಕಿನ ಕಣ ದಪ್ಪವಾಗಿರುತ್ತದೆ, ಹಾಗೇ ಹದ ಹಾಕಿದರೆ, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದರೆ, ಬಿಸ್ಕತ್ತಿನಂತೆ ಮುರಿಯುತ್ತದೆ. ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟೆ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಕಾವು.

ಹದ ಹಾಕಿದ್ದು ಮರುದಿನ ಸಂಜೆ, ಕೊಟ್ಟಿಗೆಯ ದೀಪ ಆರಿಸಿ. ಬಣ್ಣ ಓದಲು ಕತ್ತಲೆಯೇ ಬೇಕು, ಹಳೆಯ ಕಮ್ಮಾರಸಾಲೆಗಳು ಅಷ್ಟು ಕತ್ತಲಾಗಿದ್ದುದು ಸುಮ್ಮನೆ ಅಲ್ಲ. ಕಡ್ಡಿಗೆ ಕಟ್ಟಿದ ಅಯಸ್ಕಾಂತವನ್ನು ಅಂಚಿಗೆ ಹಿಡಿದು ನೋಡುತ್ತಿದ್ದೆ. ಉಕ್ಕು ಸಾಕಷ್ಟು ಕಾದಾಗ ಅದು ಅಂಟುವುದನ್ನು ಬಿಟ್ಟಿತು. ಇನ್ನೊಂದು ಛಾಯೆ ಮೇಲೇರಲು ಬಿಟ್ಟು, ಅಂಚನ್ನು ಮಾತ್ರ ಬೆಚ್ಚಗಿನ ಕನೋಲಾ ಎಣ್ಣೆಯಲ್ಲಿ ಅದ್ದಿ ಆಡಿಸಿದೆ. ಹಿಂದಿನವರು ನೀರು ಬಳಸುತ್ತಿದ್ದರು. ಈ ಉಕ್ಕು ನೀರಿಗೆ ಬಿರುಕು ಬಿಡುವ ಭಯವಿತ್ತು, ನನಗೆ ಇನ್ನೊಂದು ತುಂಡು ಮಾಡುವ ತ್ರಾಣ ಇರಲಿಲ್ಲ. ಅರ ಹಿಡಿದೆ. ಮೇಲ್ಮೂಲೆಯಿಂದ ಕೆಳಮೂಲೆಯ ತನಕ ಜಾರಿತು.

ಆದರೆ ಅಷ್ಟು ಬಿರುಸಿನ ಬಾಯಿ ಮೊದಲ ಗಂಟಿಗೇ ಮುಕ್ಕಾಗುತ್ತದೆ. ಅಂಚನ್ನು ಮರಳುಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ ಕಾದೆವು. ಎಣ್ಣೆಗೆ ಮುಳುಗದ ಹಿಂಭಾಗದಲ್ಲಿ ಕಾವು ಉಳಿದಿರುತ್ತದೆ, ಅದು ಮೆಲ್ಲಗೆ ಮುಂದಕ್ಕೆ ಹರಿಯುತ್ತದೆ. ಮೊದಲು ಒಣಹುಲ್ಲಿನ ಹಳದಿ, ಹಿಂದೆಯೇ ಕಂದು, ಅದರ ಹಿಂದೆ ನೇರಳೆ, ಒಂದರ ಹಿಂದೊಂದು ಪಟ್ಟೆಯಾಗಿ ಅಂಚಿನ ಕಡೆ ತೆವಳಿದವು. ನೇರಳೆ ಅಂಚು ಮುಟ್ಟಿದಾಗ ಹಿರಿಯರು ತಲೆ ಆಡಿಸಿದರು, ನಾನು ಕೊಡಲಿಯ ಇಡೀ ತಲೆಯನ್ನು ನೀರಿಗಿಳಿಸಿದೆ. ನಂಬಿಕೆ ಸಾಲದೆ ಮನೆಗೆ ತಂದು ಅಡುಗೆಮನೆಯ ಓವನ್‌ನಲ್ಲಿ 260 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟದ್ದೂ ಉಂಟು. ಅದರಿಂದ ಕೆಡುಕಾಗಲಿಲ್ಲ.

ಸಾಣೆಯ ಕೆಲಸವನ್ನು ಯಂತ್ರಕ್ಕೆ ಕೊಡಲಿಲ್ಲ, ಬಿಸಿಯಾದರೆ ಹಾಕಿದ ಹದ ಹೋಗುತ್ತದೆ. ಹಿರಿಯರ ಬಳಿ ನೀರು ತೊಟ್ಟಿಕ್ಕುವ ಮರಳುಕಲ್ಲಿನ ಚಕ್ರವಿದೆ. ಮಗಳು ತಿರುಗಿಸಿದಳು, ನಾನು ಒತ್ತಿ ಹಿಡಿದೆ. ಹಿಂದೆ ಮಕ್ಕಳ ಪಾಲಿಗೆ ಬರುತ್ತಿದ್ದ ಕೆಲಸವಿದು. ಎರಡೂವರೆ ಗಂಟೆ ಹಿಡಿಯಿತು. ಕಾಲಿನ್ಸ್ ಸೋದರರು 1826ರಲ್ಲಿ ಕನೆಕ್ಟಿಕಟ್‌ನಲ್ಲಿ ಕಾರ್ಖಾನೆ ಹಾಕಿ, ಮಸೆದು ಸಿದ್ಧಮಾಡಿದ ಕೊಡಲಿ ಮಾರತೊಡಗಿದಾಗ ಜನ ಮುಗಿಬಿದ್ದದ್ದು ಯಾಕೆಂದು ಅವಳ ತೋಳುಗಳಿಗೆ ಈಗ ಗೊತ್ತು.

ಕೊಡಲಿಯ ಹಿಡಿಯಾದ ಕಾವಿನ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಮರ ಹಿಕರಿ, ಬಿರುಗಾಳಿಗೆ ಬಿದ್ದದ್ದು, ಎರಡು ವರ್ಷ ಮಾಡಿನಡಿ ಒಣಗಿದ್ದು. ಗರಗಸ ಮುಟ್ಟಿಸಲಿಲ್ಲ. ಫ್ರೋ ಎಂಬ ಸಾಧನವಿದೆ. ಉದ್ದನೆಯ ಮೊಂಡು ಅಲಗಿಗೆ ನೆಟ್ಟಗೆ ನಿಲ್ಲುವ ಮರದ ಹಿಡಿ. ಅಲಗನ್ನು ಮರದ ಕೊರಡಿನ ತುದಿಗೆ ಇಟ್ಟು ಕೊಡತಿಯಿಂದ ಹೊಡೆದು, ಹಿಡಿಯನ್ನು ಮೀಟಿದರೆ ಮರ ತನ್ನ ನಾರಿನ ಗುಂಟ ತಾನೇ ಸೀಳುತ್ತದೆ. ಹಾಗೆ ಸೀಳಿದ ಕಾವಿನಲ್ಲಿ ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಹೋಗಿರುತ್ತದೆ. ಆಮೇಲೆ ಕಾಲಿನಿಂದ ಒತ್ತಿದರೆ ಮರವನ್ನು ಕಚ್ಚಿ ಹಿಡಿಯುವ ಬೆಂಚಿನ ಮೇಲೆ ಕುದುರೆ ಸವಾರಿಯಂತೆ ಕೂತು, ಎರಡು ಹಿಡಿಯ ಕತ್ತಿಯನ್ನು ಮೈಕಡೆಗೆ ಎಳೆಯುತ್ತ ಹೆರೆದೆ. ಡಾಯ್ಲ್ಸ್‌ಟೌನ್‌ನ ಮರ್ಸರ್ ಮ್ಯೂಸಿಯಂನಲ್ಲಿ ಇಂಥವನ್ನು ನೋಡಿದ್ದೆ. ಹೆನ್ರಿ ಮರ್ಸರ್ 1897ರಲ್ಲಿ, ಜನ ಗುಜರಿಗೆ ಹಾಕುತ್ತಿದ್ದ ಕೈಸಾಧನಗಳನ್ನು ಕೂಡಿಹಾಕಲು ತೊಡಗಿ, ಅವಕ್ಕಾಗಿ ಕಾಂಕ್ರೀಟಿನ ದೊಡ್ಡ ಕೋಟೆಯಂಥ ಕಟ್ಟಡವನ್ನೇ ಕಟ್ಟಿದರು. ತಿಮಿಂಗಿಲ ಬೇಟೆಯ ದೋಣಿಯೇ ಮಾಡಿನಿಂದ ತೂಗುತ್ತದೆ ಅಲ್ಲಿ. ಕಾವು ನೇರವಾಗಿಯೇ ಇರಲಿ ಎಂದು ಬಿಟ್ಟೆ. ತುದಿ ಬಾಗಿದ ಕಾವು ಆಮೇಲಿನ ಕಾಲದ್ದು. 29 ಅಂಗುಲ. ಮೇಲಿನಿಂದ ಓಕ್ ಮರದ ಬೆಣೆ ಹೊಡೆದು, ಅಗಸೆ ಎಣ್ಣೆ ಮೂರು ಸಲ ಕುಡಿಸಿದೆ.

ಪರೀಕ್ಷೆಗೆ ಟ್ಯೂಲಿಪ್ ಪಾಪ್ಲರ್ ಮರದ ಬಿದ್ದ ಕೊಂಬೆಯೊಂದಿತ್ತು, ತೊಡೆಗಾತ್ರ. ಹನ್ನೊಂದು ಪೆಟ್ಟಿಗೆ ತುಂಡಾಯಿತು. ಅಂಚನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದೆ, ಎಲ್ಲೂ ಮುಕ್ಕಿಲ್ಲ. ಆಮೇಲೆ ಒಣ ಓಕ್‌ನ ಗಂಟಿಗೂ ಹಾಕಿದೆ. ಕೆಳಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಮಡಿಸಿತು, ಮಸೆಗಲ್ಲಿನ ನಾಲ್ಕು ಎಳೆತಕ್ಕೆ ಸರಿಹೋಯಿತು.

ಒಂದು ದೋಷ ಉಳಿದಿದೆ. ಮೇಲ್ಮೂಲೆಯ ಬಳಿ, ಎಡಗೆನ್ನೆಯಲ್ಲಿ, ಎಂಟು ಮಿಲಿಮೀಟರ್ ಉದ್ದದ ಸಣ್ಣ ಗೆರೆ. ಅಲ್ಲಿ ತುಟಿ ಉಕ್ಕಿಗೆ ಪೂರ್ತಿ ಹಿಡಿದಿಲ್ಲ. ಆಳವಿಲ್ಲ, ಸೂಜಿಮೊನೆ ಇಳಿಯುವುದಿಲ್ಲ. ಅದರ ಎರಡೂ ತುದಿಗೆ ಚಾಣದಿಂದ ಚುಕ್ಕೆ ಇಟ್ಟಿದ್ದೇನೆ. ಈ ಚಳಿಗಾಲದ ಸೌದೆ ಕಡಿದ ಮೇಲೆ ಗೆರೆ ಚುಕ್ಕೆಯನ್ನು ದಾಟಿದ್ದರೆ ಮತ್ತೆ ಕುಲುಮೆಗೆ.

ಕೊನೆಗೆ, ಕಾವಿನ ತೂತಿನ ಕೆಳಗೆ, ಕಬ್ಬಿಣ ಮೆದುವಾಗಿರುವ ಕಡೆ, ಇಸವಿಯ ನಾಲ್ಕು ಅಂಕಿಗಳನ್ನು ಅಚ್ಚಿನಿಂದ ಒತ್ತಿದೆ. ಮುಂದೆ ಯಾರ ಕೈಗಾದರೂ ಇದು ಸಿಕ್ಕಿದರೆ ಬಾಯಿಯ ಉಕ್ಕನ್ನೂ ಹಳೆಯದೆಂದು ಎಣಿಸಬಾರದು. ಅಂಕಿ ಒತ್ತುವಾಗ ಸುತ್ತಿಗೆ ಮಗಳ ಕೈಯಲ್ಲಿತ್ತು. ಮೂರನೆಯ ಅಂಕಿ ಕೊಂಚ ಓರೆಯಾಗಿದೆ.